ಕೊಂಡ ಮೇಲೆ ಫೋನು ನಿನ್ನದೇ

ಎಡಿಸನ್, ನ್ಯೂಜೆರ್ಸಿ
ಭಾನುವಾರ

ಪ್ರೀತಿಯ ಕೂಸೇ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜುಗಳನ್ನೆಲ್ಲ ಓದಿದೆ. ಫೋನಿನಲ್ಲೇ ಮಾತಾಡಿ ಮುಗಿಸಬಹುದಿತ್ತು. ಆದರೆ ನೀನು ಗಾಬರಿಯಲ್ಲಿದ್ದೀಯ, ಗಾಬರಿಯಲ್ಲಿ ಕೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನೂ ಊಟ ಮುಗಿಸಿಕೊಂಡು ನಿಧಾನಕ್ಕೆ ಓದು. ಒಂದೇ ಸಲಕ್ಕೆ ಎಲ್ಲ ಅರ್ಥವಾಗದಿದ್ದರೆ ನಾಳೆ ಇನ್ನೊಮ್ಮೆ ಓದಿದರಾಯಿತು, ಅವಸರವಿಲ್ಲ.

ಸೀನಿಯರ್ ಹುಡುಗನ ಹತ್ತಿರ ಹಳೇ ಐಫೋನ್ 13 ತಗೊಂಡೆ, ಹೊಸ ಕಂಪನಿಯ ಅಗ್ಗದ ಪ್ಲಾನು ಮಾಡಿಸಿಕೊಂಡೆ, ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಅಂತ ಬರುತ್ತಿದೆ, ನಾನು ಮೋಸ ಹೋದೆನಾ ಚಿಕ್ಕಮ್ಮ ಅಂತ ಕೇಳಿದ್ದೀಯ. ನೀನು ಬರೆದಿದ್ದನ್ನು ನೋಡಿದರೆ ಹಾಗೆ ಕಾಣುವುದಿಲ್ಲ ಕಣೇ. ಫೋನೂ ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ. ಆ ಫೋನನ್ನು ಮೊದಲು ಮಾರಿದ ಕಂಪನಿ ಅದಕ್ಕೆ ಹಾಕಿದ ಬೀಗ ಇನ್ನೂ ಹಾಗೇ ಇದೆ, ಅಷ್ಟೇ. ಅದನ್ನು ತೆಗೆಸಲು ದಾರಿಯಿದೆ. ಆ ದಾರಿಗೆ ದುಡ್ಡು ಬೇಡ, ಸ್ವಲ್ಪ ತಾಳ್ಮೆ ಬೇಕು. ನೀನು ಹೇಳಿದ ಅಂಗಡಿಯವನಿಗೆ ಎಂಬತ್ತು ಡಾಲರ್ ತೆರುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡು. ಅದು ನಿನ್ನ ಎರಡು ವಾರದ ಕಿರಾಣಿ ಸಾಮಾನಿನ ದುಡ್ಡು ಅಂತ ನನಗೆ ಗೊತ್ತು.

ತೀರ್ಥಹಳ್ಳಿಯ ಕಡೆ ಬೆಳೆದ ನಿನಗೆ ಇದು ವಿಚಿತ್ರ ಅನಿಸುವುದು ಸಹಜ. ನಮ್ಮಲ್ಲಿ ಫೋನು ಬೇರೆ, ಸಿಮ್ಮು ಬೇರೆ. ಪೇಟೆಯ ಒಂದು ಅಂಗಡಿಯಲ್ಲಿ ಸೆಟ್ ಕೊಂಡು ಎದುರು ಅಂಗಡಿಯಲ್ಲಿ ಸಿಮ್ ಹಾಕಿಸಿಕೊಂಡು ಬಸ್ಸು ಹತ್ತುತ್ತೇವೆ. ಮಲೆನಾಡಿನಲ್ಲಿ ಅದು ಶೋಕಿಯ ಮಾತೂ ಅಲ್ಲ. ಗುಡ್ಡದ ಈ ಮಗ್ಗುಲಿಗೆ ಒಂದು ಕಂಪನಿಯ ಸಿಗ್ನಲ್ ಸಿಕ್ಕರೆ ಆ ಮಗ್ಗುಲಿಗೆ ಇನ್ನೊಂದರದು. ನಿನ್ನಪ್ಪ ಅಡಿಕೆ ತೋಟಕ್ಕೊಂದು ಸಿಮ್, ಪೇಟೆಗೊಂದು ಸಿಮ್ ಅಂತ ಇಟ್ಟುಕೊಂಡಿರುವುದು ಅದಕ್ಕೇ. ಒಂದೇ ಕಂಪನಿಗೆ ಅಂಟಿಕೊಂಡ ಫೋನು ನಮ್ಮೂರಿನಲ್ಲಿ ಅರ್ಧ ದಿನ ಮೂಕ. ನಮ್ಮ ದೇಶದಲ್ಲೂ ಅಂಥವು ಇರಲಿಲ್ಲ ಅಂತಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಕೊಟ್ಟ ಸಿಡಿಎಂಎ ಸೆಟ್ಟುಗಳು ಆ ಕಂಪನಿಗೇ ಸೇರಿದವು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಕೂಡ ಜಿಯೋ ಸಿಮ್ಮಿಗೆ ಮಾತ್ರ. ಆದರೆ ಇವು ನಮ್ಮಲ್ಲಿ ಅಪವಾದ. ಇಲ್ಲಿ ಅಮೆರಿಕದಲ್ಲಿ, ಕಂಪನಿಯ ಅಂಗಡಿಯಲ್ಲಿ ಕೊಂಡ ಫೋನಿಗೆ ಬೀಗ ಇರುವುದೇ ವಾಡಿಕೆ.

ಯಾಕೆ ಹಾಕುತ್ತಾರೆ ಅಂದರೆ, ಇಲ್ಲಿ ಹೆಚ್ಚು ಜನ ಫೋನಿನ ಬೆಲೆಯನ್ನು ಒಮ್ಮೆಲೇ ಕೊಡುವುದಿಲ್ಲ. ಹಿಂದೆ ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ದುಬಾರಿ ಫೋನು ಅಗ್ಗಕ್ಕೆ ಸಿಗುತ್ತಿತ್ತು. 2008ರ ಐಫೋನ್ 3ಜಿ 199 ಡಾಲರಿಗೆ ಬಂದದ್ದು ಹಾಗೆ. ಈಗ ಕರಾರಿನ ಬದಲು ತಿಂಗಳ ಕಂತು, ಎಷ್ಟೋ ಕಡೆ 36 ತಿಂಗಳು. ಕಂತು ಕಟ್ಟದೆ ಫೋನು ಹಿಡಿದುಕೊಂಡು ಯಾರೂ ಓಡಿಹೋಗದಿರಲಿ ಅಂತ ಬೀಗ. ಅದರಲ್ಲಿ ನ್ಯಾಯವಿಲ್ಲ ಅಂತ ನಾನು ಹೇಳಲಾರೆ. ಸಾಲ ಕೊಟ್ಟವರಿಗೆ ಒಂದು ಭದ್ರತೆ ಬೇಕು. ಆದರೆ ಸಾಲ ತೀರಿದ ಮೇಲೂ ಬೀಗ ಉಳಿಯುವುದಿದೆಯಲ್ಲ, ಅದು ನನಗೆ ಸರಿಕಾಣುವುದಿಲ್ಲ. ಜಾತ್ರೆಯಲ್ಲಿ ಪೂರ್ತಿ ದುಡ್ಡು ಕೊಟ್ಟು ದನ ಹೊಡೆದುಕೊಂಡು ಬಂದ ಮೇಲೆ, ಹುಲ್ಲು ಮಾತ್ರ ಮಾರಿದವನ ಗದ್ದೆಯದ್ದೇ ಹಾಕಬೇಕು ಅಂದರೆ ನಿನ್ನಜ್ಜ ಒಪ್ಪುತ್ತಿದ್ದರೇ?

ಬೀಗ ಅಂದರೆ ಅದೇನೂ ಮಾಯವಲ್ಲ. ಪ್ರತಿ ಸಿಮ್ಮಿನೊಳಗೂ ಒಂದು ಉದ್ದದ ಸಂಖ್ಯೆ ಇರುತ್ತದೆ. ಮೊದಲ ಮೂರು ಅಂಕಿ ಯಾವ ದೇಶ ಅಂತ ಹೇಳುತ್ತವೆ. ಭಾರತದ್ದಾದರೆ 404 ಅಥವಾ 405, ಇಲ್ಲಿಯ ಬಹಳಷ್ಟು ಸಿಮ್ಮುಗಳಿಗೆ 310, 311. ಅದರ ಮುಂದಿನವು ಯಾವ ಕಂಪನಿ ಅಂತ ಹೇಳುತ್ತವೆ. ಸಿಮ್ ಹಾಕಿದ ಕೂಡಲೇ ಫೋನು ಆ ಅಂಕಿಗಳನ್ನು ಓದಿ, ತನಗೆ ಒಪ್ಪಿಗೆಯಿರುವ ಕಂಪನಿಯದ್ದೋ ಅಲ್ಲವೋ ಅಂತ ನೋಡುತ್ತದೆ. ಅಲ್ಲದಿದ್ದರೆ ನೀನು ನೋಡಿದ ಸಾಲನ್ನು ತೋರಿಸುತ್ತದೆ. ಐಫೋನಿನಲ್ಲಿ ಆ ಒಪ್ಪಿಗೆಯ ಲೆಕ್ಕ ಆಪಲ್‌ನ ಸರ್ವರಿನಲ್ಲಿ ಇರುತ್ತದೆ. ಫೋನು ಮಾರಿದ ಕಂಪನಿ ‘ಇದನ್ನು ಬಿಡುಗಡೆ ಮಾಡಿದ್ದೇವೆ’ ಅಂತ ಆಪಲ್‌ಗೆ ತಿಳಿಸಿದರೆ ಅಲ್ಲಿ ದಾಖಲೆ ಬದಲಾಗುತ್ತದೆ, ಬೀಗ ಹೋಯಿತು. ಹಾಗಾಗಿ ಸ್ಕ್ರೂ ಬಿಚ್ಚುವ ಕೆಲಸವೇ ಇಲ್ಲಿಲ್ಲ. ಫೋನು ಬಿಚ್ಚಿ ಸರಿಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ಅವನ ಕೈಗೆ ಕೊಡಬೇಡ.

ಈಗ ಫೋನು ತೆಗೆದುಕೊಂಡು ನಾನು ಹೇಳಿದ ಹಾಗೆ ಮಾಡು. ಕರೆ ಮಾಡುವ ಜಾಗದಲ್ಲಿ *#06# ಒತ್ತು. ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣಿಸುತ್ತದೆ. ಎರಡಿದ್ದರೆ ಎರಡನ್ನೂ ಬರೆದಿಟ್ಟುಕೋ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್, ಕೆಳಗೆ ‘ಕ್ಯಾರಿಯರ್ ಲಾಕ್’ ಅಂತ ಒಂದು ಸಾಲು. ಅಲ್ಲಿ ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಅಂತ ಇದ್ದರೆ ಬೀಗ ಇಲ್ಲ, ತೊಂದರೆ ಬೇರೆ ಎಲ್ಲೋ ಇದೆ. ‘ಸಿಮ್ ಲಾಕ್ಡ್’ ಅಂತ ಇದ್ದರೆ ನನ್ನ ಊಹೆ ಸರಿ. ಆ ಐಎಂಇಐ ಸಂಖ್ಯೆಯನ್ನು ಯಾರಿಗೆಂದರೆ ಅವರಿಗೆ ಕೊಡಬೇಡ, ಫೋಟೋ ತೆಗೆದು ಗುಂಪುಗಳಿಗೆ ಹಾಕಬೇಡ.

ಸೆಕೆಂಡ್ ಹ್ಯಾಂಡ್ ಫೋನಿಗೆ ಬೇರೆ ಬೇರೆ ತೊಡಕು ಇರಬಹುದು ಕೂಸೇ. ಜನ ಎಲ್ಲವನ್ನೂ ‘ಲಾಕ್’ ಅಂತಲೇ ಕರೆದು ಗೊಂದಲ ಮಾಡಿಕೊಳ್ಳುತ್ತಾರೆ. ನಿನ್ನದು ಕಂಪನಿಯ ಬೀಗ, ಎಲ್ಲದರಲ್ಲೂ ಸುಲಭದ್ದು. ಎರಡನೆಯದು ಹಳೇ ಮಾಲೀಕನದು. ಅವನು ತನ್ನ ಆಪಲ್ ಖಾತೆಯಿಂದ ಹೊರಬರದೆ, ‘ಫೈಂಡ್ ಮೈ’ ಆರಿಸದೆ ಫೋನು ಕೊಟ್ಟಿದ್ದರೆ, ಒಮ್ಮೆ ಅಳಿಸಿ ಹೊಸದಾಗಿ ಶುರುಮಾಡಿದಾಗ ಅದು ಅವನ ಪಾಸ್‌ವರ್ಡ್ ಕೇಳುತ್ತದೆ. 2013ರಲ್ಲಿ ಐಓಎಸ್ 7ರ ಜೊತೆ ಬಂದ ‘ಆಕ್ಟಿವೇಷನ್ ಲಾಕ್’ ಇದು. ಕಳ್ಳರ ಕಾಟ ತಡೆಯಲು ಮಾಡಿದ್ದು, ಒಳ್ಳೆಯದೇ. ಆಂಡ್ರಾಯ್ಡ್‌ನಲ್ಲೂ ಇಂಥದ್ದೇ ಒಂದಿದೆ. ಮೊಬೈಲ್ ಕಂಪನಿ ಬೀಗ ತೆಗೆದರೂ ಇದು ಹೋಗುವುದಿಲ್ಲ, ಇದನ್ನು ತೆಗೆಯಬೇಕಾದವನು ಆ ಹುಡುಗ. ಮೂರನೆಯದು ಕಪ್ಪುಪಟ್ಟಿ. ಕಳುವಾಗಿದೆ ಅಂತಲೋ, ಕಂತು ಕಟ್ಟಿಲ್ಲ ಅಂತಲೋ ಕಂಪನಿ ಆ ಐಎಂಇಐ ಸಂಖ್ಯೆಯನ್ನು ಪಟ್ಟಿಗೆ ಸೇರಿಸಿದರೆ ಬೀಗ ಇರಲಿ ಬಿಡಲಿ, ಇಲ್ಲಿಯ ನೆಟ್‌ವರ್ಕುಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ನಿಜಕ್ಕೂ ಹೆದರಬೇಕಾದದ್ದು ಇದಕ್ಕೊಂದಕ್ಕೇ. ಇಲ್ಲಿಯ ಮೊಬೈಲ್ ಕಂಪನಿಗಳ ಸಂಘ ಸಿಟಿಐಎ ನಡೆಸುವ ‘ಸ್ಟೋಲನ್ ಫೋನ್ ಚೆಕರ್’ ಅಂತ ಒಂದು ಸೇವೆ ಇದೆ. ಅಲ್ಲಿ ಐಎಂಇಐ ಹಾಕಿದರೆ ಕಳುವಿನ ವರದಿ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ, ಕಾಸು ಕೇಳುವುದಿಲ್ಲ.

ಇದನ್ನು ನಿನ್ನ ತಮ್ಮನಿಗೂ ಹೇಳು. ಶಿವಮೊಗ್ಗದಲ್ಲಿ ಹಳೇ ಫೋನು ನೋಡುತ್ತಿದ್ದಾನೆ ಅಂತ ಅಕ್ಕ ಹೇಳುತ್ತಿದ್ದಳು. ಭಾರತದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಫೋನಿನ ವಿವರ ಬರುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಂಚಾರ್ ಸಾಥಿಯಲ್ಲೂ ನೋಡಬಹುದು. ದುಡ್ಡು ಕೊಡುವ ಮೊದಲು ನೋಡಬೇಕು, ಕೊಟ್ಟ ಮೇಲಲ್ಲ.

ಇನ್ನು ಆ ಸೀನಿಯರ್ ಹುಡುಗನ ವಿಷಯ. ಅವನ ಹತ್ತಿರ ಮಾತಾಡಲು ನೀನು ಸಂಕೋಚ ಪಡುತ್ತಿದ್ದೀಯ ಅಂತ ನಿನ್ನ ಬರಹದಲ್ಲೇ ಕಾಣುತ್ತದೆ. ಸಂಕೋಚ ಬಿಡು. ಜಗಳ ಆಡಲಿಕ್ಕಲ್ಲ, ಕೇಳಲಿಕ್ಕೆ. ಇಡೀ ವಿಷಯ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಆ ಫೋನಿನ ಕಂತು ಪೂರ್ತಿ ತೀರಿದೆಯೇ? ತೀರಿದ್ದರೆ ಅವನು ತನ್ನ ಖಾತೆಯಲ್ಲಿ ನೋಡಿ ಹೇಳಬಲ್ಲ, ಅವನ ಖಾತೆಯಿಂದಲೇ ಬೀಗ ತೆಗೆಯಿರಿ ಅಂತ ಕೇಳಬಲ್ಲ. ಅದು ಎಲ್ಲಕ್ಕಿಂತ ಬೇಗ ಆಗುವ ದಾರಿ. ತೀರಿಲ್ಲದಿದ್ದರೆ ಎಷ್ಟು ಬಾಕಿ ಇದೆ, ಅದನ್ನು ಯಾವಾಗ ಕಟ್ಟುತ್ತಾನೆ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೋ. ಅವನು ಕಟ್ಟುವುದನ್ನು ನಿಲ್ಲಿಸಿದರೆ ಪಟ್ಟಿಗೆ ಸೇರುವುದು ನಿನ್ನ ಕೈಯಲ್ಲಿರುವ ಫೋನು. ಬೇಕೆಂದೇ ಮುಚ್ಚಿಟ್ಟ ಅಂತ ನಾನು ಅಂದುಕೊಳ್ಳುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಅದೇ ಕಂಪನಿಯ ಸಿಮ್ ಬಳಸಿದವರಿಗೆ ತಮ್ಮ ಫೋನಿಗೆ ಬೀಗ ಇದೆ ಅನ್ನುವುದೇ ತಿಳಿದಿರುವುದಿಲ್ಲ.

ಅವನು ಸಿಗದಿದ್ದರೂ ದಾರಿ ಮುಚ್ಚಿಲ್ಲ. ದೊಡ್ಡ ಕಂಪನಿಗಳಿಗೆಲ್ಲ ಬೀಗ ತೆಗೆಸುವ ನಿಯಮದ ಪುಟ ಇದೆ. ಎಟಿ ಅಂಡ್ ಟಿಯಂಥ ಕಡೆ ಆ ಕಂಪನಿಯ ಗ್ರಾಹಕರಲ್ಲದವರೂ, ಅಂದರೆ ನಿನ್ನಂತೆ ಹಳೇ ಫೋನು ಕೊಂಡವರೂ ಅರ್ಜಿ ಹಾಕಬಹುದು. ಐಎಂಇಐ, ಹೆಸರು, ಇಮೇಲ್ ಕೇಳುತ್ತಾರೆ. ಇಮೇಲಿಗೆ ಒಂದು ಕೊಂಡಿ ಬರುತ್ತದೆ, ಅದನ್ನು ಒತ್ತಿ ಖಚಿತಪಡಿಸಬೇಕು. ತುಂಬ ಜನ ಇದನ್ನು ಮರೆತು ಅರ್ಜಿ ಬಿದ್ದುಹೋಗುತ್ತದೆ, ನೀನು ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡು. ಒಪ್ಪಿಗೆ ಬಂದರೆ ಐಫೋನಿಗೆ ಯಾವ ಕೋಡೂ ಬೇಡ. ಹೊಸ ಕಂಪನಿಯ ಸಿಮ್ ಹಾಕಿ, ವೈಫೈಗೆ ಸೇರಿಸಿ, ಶುರುಮಾಡು. ಆಗಲೂ ಹಿಡಿಯದಿದ್ದರೆ ಬ್ಯಾಕಪ್ ತೆಗೆದು, ಪೂರ್ತಿ ಅಳಿಸಿ, ಮತ್ತೆ ತುಂಬಿಸಬೇಕಾಗುತ್ತದೆ. ಅಳಿಸುವ ಮುಂಚೆ ಹಳೇ ಮಾಲೀಕನ ಆಪಲ್ ಖಾತೆ ಅದರಲ್ಲಿ ಉಳಿದಿಲ್ಲ ಅನ್ನುವುದನ್ನು ನೋಡಿಕೋ, ಇಲ್ಲದಿದ್ದರೆ ಆ ಎರಡನೇ ಬೀಗದಲ್ಲಿ ಸಿಕ್ಕಿಕೊಳ್ಳುತ್ತೀಯ. ನಿನ್ನ ರೂಮ್‌ಮೇಟ್‌ನ ಆಂಡ್ರಾಯ್ಡ್ ಫೋನಿಗೂ ಇದೇ ತೊಂದರೆ ಅಂದೆಯಲ್ಲ, ಅಂಥ ಫೋನುಗಳಿಗೆ ಕೆಲವೊಮ್ಮೆ ಕಂಪನಿ ಕೋಡ್ ಕೊಡುತ್ತದೆ. ಅದನ್ನು ನೋಡಿಕೊಂಡು ಒತ್ತಬೇಕು. ಎಷ್ಟೋ ಸೆಟ್ಟುಗಳು ತಪ್ಪು ಕೋಡನ್ನು ಕೆಲವೇ ಸಲ ಸಹಿಸುತ್ತವೆ, ಆಮೇಲೆ ಬೀಗ ಶಾಶ್ವತವಾಗಿ ಕೂತುಬಿಡುತ್ತದೆ. ಸುಮ್ಮನೆ ಊಹಿಸಿ ಒತ್ತಬೇಡ ಅಂತ ಅವಳಿಗೆ ಹೇಳು.

ಎಷ್ಟು ದಿನ ಬಳಸಿದ ಮೇಲೆ ಬೀಗ ತೆಗೆಯುತ್ತಾರೆ ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ಕಂತಿನ ಫೋನಿಗೊಂದು ನಿಯಮ, ಪ್ರೀಪೇಯ್ಡಿಗೆ ಇನ್ನೊಂದು. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಆ ಕಂಪನಿಯ ಸ್ವಂತ ಪುಟದಲ್ಲಿ ಈಗ ಏನಿದೆಯೋ ಅದನ್ನೇ ಓದು. ಹಾಸ್ಟೆಲ್ಲಿನ ಮಾತು ಕೇಳಬೇಡ.

ಈಗ ಆ ಅಂಗಡಿಯವನ ಎಂಬತ್ತು ಡಾಲರಿಗೆ ಬರುತ್ತೇನೆ. ಇಂಥ ಅಂಗಡಿಗಳು ಏನು ಮಾಡುತ್ತವೆ ಗೊತ್ತಾ? ಕೆಲವರು ಇದೇ ಅರ್ಜಿಯನ್ನು ನಿನ್ನ ಪರವಾಗಿ ತುಂಬಿಸಿ ದುಡ್ಡು ತಗೊಳ್ಳುತ್ತಾರೆ. ಕೆಲವರು ಸಿಮ್ಮಿನ ಕೆಳಗೆ ತೆಳ್ಳನೆಯ ಚಿಪ್ ಅಂಟಿಸಿ ಫೋನಿಗೆ ಸುಳ್ಳು ಹೇಳಿಸುತ್ತಾರೆ. ಅದು ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಬರುವವರೆಗೆ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಇನ್ನು ಕೆಲವರು ಒಳಗಿನ ಕೈಗಳನ್ನು ಹಿಡಿದು ಮಾಡಿಸುತ್ತಾರೆ. ಇದು ಎಷ್ಟು ದೂರ ಹೋಗಬಹುದು ಅನ್ನುವುದು ಸಿಯಾಟಲ್‌ನ ಕೋರ್ಟಿನ ಒಂದು ಮೊಕದ್ದಮೆಯಲ್ಲಿ ಹೊರಬಿತ್ತು. ಹೊರದೇಶದಲ್ಲಿ ಕೂತ ಒಬ್ಬ 2012ರಿಂದ ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿದ್ದ ಎಟಿ ಅಂಡ್ ಟಿ ಕಾಲ್ ಸೆಂಟರಿನ ನೌಕರರಿಗೆ ಲಂಚ ಕೊಟ್ಟು, ಆಮೇಲೆ ಅವರ ಕಂಪ್ಯೂಟರುಗಳಿಗೆ ಕಳ್ಳ ಸಾಫ್ಟ್‌ವೇರ್ ಸೇರಿಸಿ, 19 ಲಕ್ಷಕ್ಕೂ ಹೆಚ್ಚು ಫೋನುಗಳ ಬೀಗ ತೆಗೆಸಿದ. ಕಂಪನಿಗೆ ಆದ ನಷ್ಟ 20 ಕೋಟಿ ಡಾಲರಿಗೂ ಹೆಚ್ಚು. 2021ರ ಸೆಪ್ಟೆಂಬರಿನಲ್ಲಿ ಅವನಿಗೆ 12 ವರ್ಷ ಜೈಲಾಯಿತು. ಆ ಫೋನುಗಳನ್ನು ಹಿಡಿದಿದ್ದ ಲಕ್ಷಾಂತರ ಜನರಿಗೆ ಹಿಂದೆ ಏನು ನಡೆಯಿತು ಅಂತ ಗೊತ್ತಿತ್ತೇ? ಪರದೇಶದಲ್ಲಿ ವೀಸಾದ ಮೇಲೆ ಓದುತ್ತಿರುವ ಹುಡುಗಿ ನೀನು. ನೇರ ದಾರಿ ತೆರೆದಿರುವಾಗ ಅಡ್ಡದಾರಿಯ ನೆರಳೂ ನಿನ್ನ ಮೇಲೆ ಬೀಳುವುದು ಬೇಡ.

ಆದರೆ ಇದನ್ನು ಓದಿ ಬೀಗ ತೆಗೆಸುವುದೇ ತಪ್ಪು ಅಂತ ತಿಳಿಯಬೇಡ. ‘ಇದು ಕಾನೂನಿಗೆ ವಿರುದ್ಧವಾ’ ಅಂತ ನೀನು ಕೇಳಿದ ಪ್ರಶ್ನೆಗೆ ಉದ್ದದ ಉತ್ತರವೇ ಇದೆ, ನನಗೆ ಅದು ತುಂಬ ಇಷ್ಟದ ಕಥೆ. ಐಫೋನ್ ಮೊದಲು ಬಂದದ್ದು 2007ರ ಜೂನ್ ಕೊನೆಗೆ, ಎಟಿ ಅಂಡ್ ಟಿ ಒಂದಕ್ಕೇ. ಅದೇ ಆಗಸ್ಟಿನಲ್ಲಿ ನಮ್ಮ ಈ ನ್ಯೂಜೆರ್ಸಿಯ ಗ್ಲೆನ್ ರಾಕ್ ಅನ್ನುವ ಊರಿನ ಜಾರ್ಜ್ ಹಾಟ್ಜ್ ಅನ್ನುವ ಹದಿನೇಳರ ಹುಡುಗ ಅದರ ಬೀಗ ತೆಗೆದು ತೋರಿಸಿದ. ಹಾಗೆ ತೆಗೆದ ಒಂದು ಫೋನನ್ನು ಕೊಟ್ಟು ಒಂದು ನಿಸಾನ್ ಕಾರನ್ನೂ ಮೂರು ಹೊಸ ಐಫೋನುಗಳನ್ನೂ ಪಡೆದುಕೊಂಡ. ಆಗ ಇಲ್ಲಿಂದ ಊರಿಗೆ ಹೋಗುವವರು ಉಡುಗೊರೆ ಅಂತ ಒಯ್ದ ಫೋನುಗಳು ಬೆಂಗಳೂರಿಗೆ ಇಳಿದ ಮೇಲೆ ಮೂಕವಾಗಿ, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನ ಅಂಗಡಿಗಳಿಗೆ ಓಡಾಡುತ್ತಿದ್ದವು. ನಿನ್ನ ಮಾವನನ್ನು ಕೇಳು, ಅವನಿಗೆ ಆ ಓಣಿಗಳು ಚೆನ್ನಾಗಿ ನೆನಪಿವೆ.

ಅಮೆರಿಕದಲ್ಲಿ 1998ರ ಒಂದು ಕಾನೂನು ಇದೆ, ಡಿಎಂಸಿಎ. ಸಿನಿಮಾ, ಸಂಗೀತ, ಸಾಫ್ಟ್‌ವೇರುಗಳ ಕಳ್ಳನಕಲು ತಡೆಯಲು ಬಂದದ್ದು. ಡಿಜಿಟಲ್ ಬೀಗ ಒಡೆಯುವುದೇ ಅಪರಾಧ ಅಂತ ಅದು ಹೇಳಿತು. ಫೋನಿನೊಳಗಿನ ಸಾಫ್ಟ್‌ವೇರಿಗೂ ಕಾಪಿರೈಟ್ ಇದೆಯಲ್ಲ, ಹಾಗಾಗಿ ಸಿಮ್ಮಿನ ಬೀಗವೂ ಅದರ ಬಲೆಗೆ ಬಿತ್ತು. ಯಾವುದಕ್ಕೆ ವಿನಾಯಿತಿ ಅನ್ನುವುದನ್ನು ಮೂರು ವರ್ಷಕ್ಕೊಮ್ಮೆ ನಿರ್ಧರಿಸುವುದು ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು. ಹೌದು, ನಮ್ಮ ಕನ್ನಡ ಪುಸ್ತಕಗಳನ್ನೂ ತರಿಸಿ ಜೋಪಾನ ಮಾಡಿರುವ ಅದೇ ಗ್ರಂಥಾಲಯ. 2006ರಲ್ಲಿ ಫೋನಿನ ಬೀಗ ತೆಗೆಯಲು ವಿನಾಯಿತಿ ಕೊಟ್ಟರು, 2010ರಲ್ಲಿ ಮುಂದುವರಿಸಿದರು. 2012ರಲ್ಲಿ ಹಿಂದಕ್ಕೆ ತಗೊಂಡರು. 2013ರ ಜನವರಿ 26ರ ಮೇಲೆ ಕೊಂಡ ಹೊಸ ಫೋನಿನ ಬೀಗವನ್ನು ಕಂಪನಿಯ ಒಪ್ಪಿಗೆ ಇಲ್ಲದೆ ತೆಗೆಯುವ ಹಾಗಿಲ್ಲ ಅಂತಾಯಿತು.

ಆಗ ಜನ ಸುಮ್ಮನೆ ಕೂರಲಿಲ್ಲ ಕೂಸೇ. ಸೀನಾ ಖಾನಿಫರ್ ಅನ್ನುವವರು ಶ್ವೇತಭವನಕ್ಕೆ ಒಂದು ಮನವಿ ಬರೆದರು. ಕಾಲೇಜಿನ ದಿನಗಳಲ್ಲಿ ಫೋನಿನ ಬೀಗ ತೆಗೆಯುವ ಚಿಕ್ಕ ಉದ್ಯೋಗ ನಡೆಸಿ, ಅದಕ್ಕಾಗಿ ವಕೀಲರ ನೋಟಿಸನ್ನೂ ಎದುರಿಸಿದ್ದವರು ಅವರು. ಉತ್ತರ ಕೊಡಲೇಬೇಕಾದರೆ ಒಂದು ಲಕ್ಷ ಸಹಿ ಬೇಕಿತ್ತು. ಬಂದದ್ದು 1,14,000ಕ್ಕೂ ಹೆಚ್ಚು. ಮಾರ್ಚಿನಲ್ಲಿ ಶ್ವೇತಭವನ ಮನವಿ ನ್ಯಾಯವಾದದ್ದು ಅಂತ ಒಪ್ಪಿತು. ಆ ವರ್ಷದ ಡಿಸೆಂಬರಿನಲ್ಲಿ ದೊಡ್ಡ ಕಂಪನಿಗಳು, ಬಾಕಿ ತೀರಿಸಿದವರ ಫೋನಿನ ಬೀಗ ತೆಗೆದುಕೊಡುತ್ತೇವೆ, ಪ್ರೀಪೇಯ್ಡ್ ಫೋನಾದರೆ ಹೆಚ್ಚೆಂದರೆ ಒಂದು ವರ್ಷ ಕಾಯಿಸುತ್ತೇವೆ, ಅರ್ಜಿಗೆ ಎರಡು ಕೆಲಸದ ದಿನದಲ್ಲಿ ಉತ್ತರ ಕೊಡುತ್ತೇವೆ ಅಂತ ಮಾತು ಕೊಟ್ಟವು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಹೊಸ ಕಾನೂನಿಗೆ ಸಹಿ ಹಾಕಿದರು. ಫೋನಿನ ಮಾಲೀಕ ತಾನೇ ಬೀಗ ತೆಗೆಯಬಹುದು, ಬೇರೆಯವರ ಕೈಯಲ್ಲಿ ತೆಗೆಸಲೂಬಹುದು ಅಂತ ಅದರಲ್ಲಿದೆ. ನೀನು ಕಂಪನಿಗೆ ಅರ್ಜಿ ಹಾಕುವಾಗ ಯಾರ ಕೃಪೆಯನ್ನೂ ಬೇಡುತ್ತಿಲ್ಲ. ಆ ಸಹಿ ಹಾಕಿದವರೆಲ್ಲ ನಿನ್ನಂಥ, ನನ್ನಂಥ ಮಂದಿ. ಅವರು ಗಳಿಸಿಕೊಟ್ಟದ್ದನ್ನು ಬಳಸುತ್ತಿದ್ದೀಯ. ಹೆದರಿ ಬರೆಯಬೇಡ, ನೆಟ್ಟಗೆ ಬರೆ.

ಅಷ್ಟಾದರೂ ಕೆಲಸ ಅರ್ಧವೇ ಆಗಿದೆ ಅಂತ ನನ್ನ ಅನಿಸಿಕೆ. ಆ ಕಾನೂನು ಬೀಗ ತೆಗೆದವರು ಅಪರಾಧಿಗಳಲ್ಲ ಅಂತ ಹೇಳಿತೇ ಹೊರತು ಬೀಗ ಹಾಕಬೇಡಿ ಅಂತ ಕಂಪನಿಗಳಿಗೆ ಹೇಳಲಿಲ್ಲ. ಪಕ್ಕದ ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಬೀಗವಿಲ್ಲದೆಯೇ ಮಾರಬೇಕು, ಹಳೆಯವಕ್ಕೆ ದುಡ್ಡು ಕೇಳದೆ ತೆಗೆದುಕೊಡಬೇಕು. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಬೀಗದ ಫೋನು ಮಾರುವುದೇ ನಿಷಿದ್ಧ. ಅಲ್ಲೂ ಕಂತಿನ ವ್ಯಾಪಾರ ನಡೆಯುತ್ತಿದೆ, ಅಲ್ಲಿಯ ಕಂಪನಿಗಳೇನೂ ಮುಳುಗಿಲ್ಲ. ಕಂತಿಗೆ ಕರಾರುಪತ್ರ ಇದೆ, ಕೋರ್ಟಿದೆ, ಕಪ್ಪುಪಟ್ಟಿಯಿದೆ. ಬೀಗ ಯಾಕೆ ಬೇಕು? ಹಳೇ ಫೋನು ಕೊಳ್ಳುವವರು ಯಾರು ಹೇಳು. ನಿನ್ನಂಥ ವಿದ್ಯಾರ್ಥಿಗಳು, ಹೊಸದಾಗಿ ಬಂದವರು, ಕೈಯಲ್ಲಿ ದುಡ್ಡು ಕಡಿಮೆ ಇರುವವರು. ಬೀಗದ ಭಾರ ಬೀಳುವುದು ಅವರ ಮೇಲೆ. ಒಳ್ಳೇ ಫೋನು ಬೀಗದಿಂದಾಗಿ ಡ್ರಾಯರಿನಲ್ಲಿ ಕೊಳೆಯುವುದನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಮುಂದಿನದು. ಬೀಗ ಹೋದರೂ ಹೊಸ ಕಂಪನಿಯ ಅಲೆಗಳನ್ನು ಫೋನು ಹಿಡಿಯಬೇಕು. ಊರಿನಿಂದ ತಂದ ಫೋನು ನಿನಗೆ ಇಲ್ಲಿ ಕೈಕೊಟ್ಟದ್ದು ಅದಕ್ಕೇ ಇರಬಹುದು. ಟಿ-ಮೊಬೈಲ್ ದೂರದವರೆಗೆ ಹರಡಲು ಬಳಸುವ ಬ್ಯಾಂಡ್ 71, ವೆರಿಜಾನ್‌ನ ಬ್ಯಾಂಡ್ 13 ಇವೆಲ್ಲ ಭಾರತಕ್ಕೆಂದು ಮಾಡಿದ ಎಷ್ಟೋ ಫೋನುಗಳಲ್ಲಿ ಇರುವುದಿಲ್ಲ. ಇಲ್ಲಿ 3ಜಿಯನ್ನು 2022ರಲ್ಲೇ ಮುಚ್ಚಿದ್ದರಿಂದ ಕರೆಗೂ 4ಜಿಯೇ ಗತಿ. ಈ ಐಫೋನ್ ಅಮೆರಿಕದಲ್ಲಿ ಮಾರಿದ್ದು, ಅದಕ್ಕೆ ಆ ತೊಂದರೆಯಿಲ್ಲ. ಆದರೂ ಹೊಸ ಕಂಪನಿಯ ಪುಟದಲ್ಲಿ ‘ನಿಮ್ಮ ಫೋನು ತನ್ನಿ’ ಅನ್ನುವ ಕಡೆ ಐಎಂಇಐ ಹಾಕಿ ಒಮ್ಮೆ ನೋಡು. ಹಳೇ ನಂಬರು ಉಳಿಸಿಕೊಳ್ಳಬೇಕು ಅಂದರೆ ಹಳೇ ಲೈನನ್ನು ನೀನಾಗಿ ರದ್ದು ಮಾಡಬೇಡ. ಅಕೌಂಟ್ ನಂಬರನ್ನೂ ಟ್ರಾನ್ಸ್‌ಫರ್ ಪಿನ್ನನ್ನೂ ಪಡೆದು ಹೊಸಬರಿಗೆ ಕೊಡು, ನಂಬರು ಅವರೇ ತರಿಸಿಕೊಳ್ಳುತ್ತಾರೆ, ಹಳೇದು ತಾನೇ ಮುಚ್ಚುತ್ತದೆ. ಮೊದಲೇ ರದ್ದು ಮಾಡಿದರೆ ನಂಬರು ಕೈತಪ್ಪಿದ ಹಾಗೇ. ನಿನ್ನ ಬ್ಯಾಂಕು, ಯೂನಿವರ್ಸಿಟಿಯ ಲಾಗಿನ್ನು ಎಲ್ಲ ಆ ನಂಬರಿಗೇ ಕಟ್ಟಿಕೊಂಡಿವೆ.

ಬೀಗ ತೆಗೆಸಲು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಿನ್ನ ಊರಿನ ಸಿಮ್. ಎಜುಕೇಷನ್ ಲೋನಿನ ಓಟಿಪಿ ಬಂದಾಗಲೆಲ್ಲ ಅಲ್ಲಿ ನಿನ್ನಪ್ಪ ಅಪರಾತ್ರಿ ಎದ್ದು ಓದಿ ಹೇಳುತ್ತಾರೆ ಅಂತ ಅಕ್ಕ ಮೊನ್ನೆ ಹೇಳಿದಳು. ಬೀಗ ಹೋದ ಫೋನಿನಲ್ಲಿ ಎರಡು ಲೈನು ಒಟ್ಟಿಗೆ ನಡೆಯುತ್ತವೆ. ಇಲ್ಲಿಯದನ್ನು ಇ-ಸಿಮ್ ಮಾಡಿಕೋ, ಊರಿನ ಸಿಮ್ಮನ್ನು ತಟ್ಟೆಯಲ್ಲಿಡು, ರೋಮಿಂಗ್ ಡೇಟಾ ಮಾತ್ರ ಆರಿಸಿಡು. ಆ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಇದೆಯಾ, ರೀಚಾರ್ಜ್ ಜೀವಂತ ಇದೆಯಾ ಅಂತ ಮೊದಲೇ ಕೇಳಿಕೊಂಡರೆ ಓಟಿಪಿ ನಿನ್ನ ಕೈಗೇ ಬರುತ್ತದೆ. ಈ ಮಾತಿನಲ್ಲಿ ನಿನ್ನ ಐಫೋನ್ 13 ಹೊಸದಕ್ಕಿಂತ ವಾಸಿ. ಇಲ್ಲಿ ಮಾರುವ ಐಫೋನುಗಳಿಗೆ 14ರಿಂದ ಈಚೆಗೆ ಸಿಮ್ ತಟ್ಟೆಯೇ ಇಲ್ಲ, ಎಲ್ಲ ಇ-ಸಿಮ್. ಡಿಸೆಂಬರಿನಲ್ಲಿ ಊರಿಗೆ ಹೋದಾಗಲೂ ಅಷ್ಟೇ, ವಿಮಾನ ಇಳಿದ ಕೂಡಲೇ ಅಲ್ಲಿಯ ಸಿಮ್ ಕೆಲಸ ಮಾಡುತ್ತದೆ. ಆಗುಂಬೆ ಘಾಟಿ ಹತ್ತುವಾಗ ಎಲ್ಲಿದ್ದೀಯ ಅಂತ ನಿನ್ನಮ್ಮನಿಗೆ ಹೇಳಬಹುದು.

ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಇಂಡಿಯನ್ ಅಂಗಡಿಯಿಂದ ಕಾಲಿಂಗ್ ಕಾರ್ಡ್ ತಂದು, ಗೀರಿ, ಅದರ ಉದ್ದದ ನಂಬರು ಒತ್ತಿ, ಅಕ್ಕನ ದನಿ ಕೇಳುವಷ್ಟರಲ್ಲಿ ನಿಮಿಷಗಳು ಮುಗಿಯುತ್ತಾ ಬಂದಿರುತ್ತಿದ್ದವು. ಹೊಸ ಊರಿನಲ್ಲಿ ಫೋನು ಸರಿಯಿಲ್ಲದಿದ್ದರೆ ಒಳಗೆ ಏನಾಗುತ್ತದೆ ಅಂತ ನನಗೆ ಗೊತ್ತು. ನೀನು ಯಾಕಿಷ್ಟು ಗಾಬರಿಯಾದೆ ಅಂತ ನಾನು ಕೇಳುವುದಿಲ್ಲ.

ಇವತ್ತು ಸಂಜೆಯೊಳಗೆ ಆ ಹುಡುಗನಿಗೆ ಮೆಸೇಜ್ ಹಾಕಿ ಕಂತಿನ ವಿಷಯ ಕೇಳು, ಕ್ಯಾರಿಯರ್ ಲಾಕ್ ಸಾಲಿನಲ್ಲಿ ಏನಿದೆ ಅಂತ ನನಗೆ ತಿಳಿಸು. ಅವನು ನಾಳೆವರೆಗೆ ಉತ್ತರ ಕೊಡದಿದ್ದರೆ ಸೋಮವಾರ ರಾತ್ರಿ ಇಬ್ಬರೂ ವಿಡಿಯೋದಲ್ಲಿ ಕೂತು ಅರ್ಜಿ ತುಂಬೋಣ. ಅಲ್ಲಿಯವರೆಗೆ ಯಾರಿಗೂ ಒಂದು ಡಾಲರೂ ಕೊಡಬೇಡ.

ಇಂತಿ ನಿನ್ನ,
ಚಿಕ್ಕಮ್ಮ